ಮಿನಿ ಹೈಡಲ್ ಪರವಾನಗಿ: ಮಸೂದೆಯ ಕೊನೆಯ ಪುಟದಲ್ಲಿ ಬರೆಯದ ಲೆಕ್ಕ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ಕಾರಿ ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತನಾಗಿ ಈಗ ಹಾವೇರಿಯಲ್ಲಿ ನೆಲೆಸಿರುವ ನಾನು, ವಿಧಾನಮಂಡಲದಲ್ಲಿ ಮಂಡನೆಯಾಗುವ ಮಸೂದೆಗಳನ್ನು ಓದುವ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಕಲಮುಗಳನ್ನು ಓದುವುದಕ್ಕೆ ಮೊದಲೇ ನನ್ನ ಕಣ್ಣು ಹೋಗುವುದು ಕೊನೆಯಲ್ಲಿ ಲಗತ್ತಿಸಿರುವ ಆರ್ಥಿಕ ಜ್ಞಾಪನ ಪತ್ರದ ಕಡೆಗೆ. ಬಹಳಷ್ಟು ಮಸೂದೆಗಳಲ್ಲಿ ಅಲ್ಲಿರುವುದು ಒಂದೇ ಸಾಲು: ಪ್ರಸ್ತಾವಿತ ಕ್ರಮದಿಂದ ಸರ್ಕಾರಕ್ಕೆ ಹೆಚ್ಚುವರಿ ವೆಚ್ಚವೇನೂ ಇಲ್ಲ ಎಂಬರ್ಥದ ಸಾಲು. ಆ ಸಾಲು ಸುಳ್ಳೆಂದು ನಾನು ಆರೋಪಿಸುತ್ತಿಲ್ಲ. ಸಂವಿಧಾನದ 207ನೇ ವಿಧಿಯ ಪ್ರಕಾರ, ಜಾರಿಗೆ ಬಂದರೆ ರಾಜ್ಯದ ಸಂಚಿತ ನಿಧಿಯಿಂದ ವೆಚ್ಚಕ್ಕೆ ಎಡೆಮಾಡುವ ಮಸೂದೆಯನ್ನು ರಾಜ್ಯಪಾಲರ ಶಿಫಾರಸಿಲ್ಲದೆ ಅಂಗೀಕರಿಸುವಂತಿಲ್ಲ. ಹೀಗಾಗಿ ಕರಡು ಸಿದ್ಧಪಡಿಸುವವರು ಮಸೂದೆಯಿಂದ ಹೊಸ ಹುದ್ದೆ, ಹೊಸ ಕಚೇರಿ, ಹೊಸ ಅನುದಾನ ಹುಟ್ಟುತ್ತದೆಯೇ ಎಂಬುದನ್ನಷ್ಟೇ ನೋಡಿ ಆ ಸಾಲನ್ನು ಬರೆದು ಮುಗಿಸುತ್ತಾರೆ. ಆದರೆ ಕಿರು ಜಲವಿದ್ಯುತ್ ಯೋಜನೆಗಳಂಥ ವಿಷಯದಲ್ಲಿ ಪರವಾನಗಿಯ ನಿಯಮವೊಂದು ಬದಲಾದರೆ, ಅದರ ಹಣಕಾಸಿನ ಪರಿಣಾಮ ಪರವಾನಗಿ ಕೊಡುವ ಕಚೇರಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅದು ಬೇರೆ ಇಲಾಖೆಯ ಬೇರೆ ಲೆಕ್ಕಶೀರ್ಷಿಕೆಯಲ್ಲಿ, ಹಲವು ವರ್ಷಗಳ ನಂತರ, ಯಾರ ಸಹಿಯೂ ಇಲ್ಲದೆ ಬಂದು ಕೂಡುತ್ತದೆ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆ.

ನಮ್ಮ ಕಡೆ ಎಲ್ಲರೂ ಮಿನಿ ಹೈಡಲ್ ಎಂದೇ ಕರೆಯುವ ಈ ಯೋಜನೆಗಳ ಅನುಮತಿ ಪ್ರಕ್ರಿಯೆ ಇನ್ನಷ್ಟು ಸರಳವಾಗಬೇಕೆಂಬ ಬೇಡಿಕೆ ಹೊಸದಲ್ಲ. ದೇಶದಲ್ಲಿ 25 ಮೆಗಾವ್ಯಾಟ್‌ವರೆಗಿನ ಘಟಕಗಳನ್ನು ಕಿರು ಜಲವಿದ್ಯುತ್ ಎಂದು ಪರಿಗಣಿಸಲಾಗುತ್ತಿದ್ದು, ಸುಮಾರು 1,280 ಮೆಗಾವ್ಯಾಟ್ ಸ್ಥಾಪಿತ ಸಾಮರ್ಥ್ಯದೊಂದಿಗೆ ಕರ್ನಾಟಕ ಈ ವಿಭಾಗದಲ್ಲಿ ರಾಜ್ಯಗಳ ಪೈಕಿ ಮೊದಲ ಸ್ಥಾನದಲ್ಲಿದೆ. ಕಾನೂನಿನ ಮಟ್ಟಿಗೆ ಬಾಗಿಲು ಈಗಾಗಲೇ ಬಹುಪಾಲು ತೆರೆದಿದೆ. 2003ರ ವಿದ್ಯುತ್ ಕಾಯ್ದೆಯ 7ನೇ ಕಲಮು ವಿದ್ಯುತ್ ಉತ್ಪಾದನೆಗೆ ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿತು. ಜಲವಿದ್ಯುತ್ತಿಗೆ ಮಾತ್ರ 8ನೇ ಕಲಮಿನಲ್ಲಿ, ನಿಗದಿತ ಬಂಡವಾಳ ಮಿತಿ ಮೀರಿದ ಯೋಜನೆಗಳಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸಹಮತಿ ಬೇಕೆಂಬ ನಿಯಮ ಉಳಿಯಿತು. ಕಿರು ಯೋಜನೆಗಳು ಸಾಮಾನ್ಯವಾಗಿ ಆ ಮಿತಿಯ ಕೆಳಗೇ ಇರುತ್ತವೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯಂತೆ 25 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಜಲವಿದ್ಯುತ್ ಯೋಜನೆಗೆ ಪೂರ್ವ ಪರಿಸರ ಅನುಮತಿಯೂ ಬೇಕಿಲ್ಲ. 24.75 ಮೆಗಾವ್ಯಾಟ್ ಎಂಬ ಅಂಕಿ ಮಿನಿ ಹೈಡಲ್ ಪಟ್ಟಿಗಳಲ್ಲಿ ಪದೇ ಪದೇ ಕಾಣುವುದೇಕೆ ಎಂಬುದಕ್ಕೆ ಈ ಗೆರೆಯೇ ಉತ್ತರ. ಹಾಗಾಗಿ ಜನ ಪರವಾನಗಿ ಎಂದು ಕರೆಯುವುದು ಒಂದು ಕಾಗದವಲ್ಲ, ಒಂದು ಕಟ್ಟು: ಇಂಧನ ಇಲಾಖೆಯ ಹಂಚಿಕೆ ಆದೇಶ, 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ ಪರಿಶೀಲನೆ, ನೀರು ಬಳಸಲು ಜಲಸಂಪನ್ಮೂಲ ಇಲಾಖೆಯ ಒಪ್ಪಿಗೆ, ಜಮೀನಿಗೆ ಕಂದಾಯ ಇಲಾಖೆ, ಮರಗಳಿದ್ದಲ್ಲಿ ಅರಣ್ಯ ಇಲಾಖೆ, ಕೊನೆಗೆ ವಿದ್ಯುತ್ ಮಾರ್ಗಕ್ಕೆ ಜೋಡಿಸಲು ಅನುಮತಿ. ಈ ಕಟ್ಟಿನಿಂದ ಯಾವ ಕಾಗದವನ್ನು ತೆಗೆದರೂ ಸರ್ಕಾರಕ್ಕೆ ಖರ್ಚಿಲ್ಲ, ಬದಲಿಗೆ ಉಳಿತಾಯವೇ ಆಗುತ್ತದೆ ಎಂಬ ನಂಬಿಕೆ ಸಾಮಾನ್ಯವಾಗಿದೆ.

ಇದೇ ಪ್ರಶ್ನೆಯನ್ನು ಬೇರೊಂದು ದೇಶ ಹೇಗೆ ಕೇಳಿಕೊಂಡಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಿದೆ. ಅಮೆರಿಕದಲ್ಲಿ ಖಾಸಗಿಯವರ ಮತ್ತು ಸ್ಥಳೀಯ ಸಂಸ್ಥೆಗಳ ಜಲವಿದ್ಯುತ್ ಯೋಜನೆಗಳಿಗೆ ಪರವಾನಗಿ ಕೊಡುವುದು ಫೆಡರಲ್ ಇಂಧನ ನಿಯಂತ್ರಣ ಆಯೋಗ. 2013ರ ಆಗಸ್ಟ್‌ನಲ್ಲಿ ಅಲ್ಲಿ ಜಲವಿದ್ಯುತ್ ನಿಯಂತ್ರಣ ದಕ್ಷತಾ ಕಾಯ್ದೆ ಜಾರಿಗೆ ಬಂತು. ಕಿರು ಯೋಜನೆಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಡಬಹುದಾದ ಮಿತಿಯನ್ನು ಅದು 5 ಮೆಗಾವ್ಯಾಟ್‌ನಿಂದ 10 ಮೆಗಾವ್ಯಾಟ್‌ಗೆ ಏರಿಸಿತು. ಕುಡಿಯುವ ನೀರು ಅಥವಾ ನೀರಾವರಿಗಾಗಿ ಈಗಾಗಲೇ ಇರುವ ಕಾಲುವೆ, ಕೊಳವೆಗಳ ಮೇಲೆ ಕೂಡಿಸುವ 5 ಮೆಗಾವ್ಯಾಟ್‌ವರೆಗಿನ ಘಟಕಗಳಿಗೆ ಪರವಾನಗಿಯೇ ಬೇಡ, ಆಯೋಗಕ್ಕೆ ಸೂಚನಾ ಪತ್ರ ಕೊಟ್ಟರೆ ಸಾಕು ಎಂದಿತು. ಆ ಪತ್ರ ತಲುಪಿದ 15 ದಿನಗಳಲ್ಲಿ ಆಯೋಗ ಪ್ರಾಥಮಿಕ ತೀರ್ಮಾನ ಹೇಳಬೇಕು, ಬಳಿಕ ಸಾರ್ವಜನಿಕರಿಗೆ ಆಕ್ಷೇಪಣೆಗೆ 45 ದಿನ. 2018ರಲ್ಲಿ ಮತ್ತೊಂದು ಕಾಯ್ದೆ ಆ 5 ಮೆಗಾವ್ಯಾಟ್ ಮಿತಿಯನ್ನು 40ಕ್ಕೆ ಏರಿಸಿ, ಆಕ್ಷೇಪಣೆಯ ಅವಧಿಯನ್ನು 30 ದಿನಕ್ಕೆ ಇಳಿಸಿತು.

ನನ್ನ ಗಮನ ಸೆಳೆದದ್ದು ಕಾಯ್ದೆಗಿಂತ ಹೆಚ್ಚಾಗಿ ಅದರೊಡನೆ ಬಂದ ಲೆಕ್ಕ. ಅಲ್ಲಿನ ಸಂಸತ್ತಿಗೆ 1974ರ ಕಾಯ್ದೆಯಿಂದ ರೂಪುಗೊಂಡ ಬಜೆಟ್ ಕಚೇರಿಯೊಂದಿದೆ. ಅದು ಯಾವ ಪಕ್ಷದ್ದೂ ಅಲ್ಲ, ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವ ಅಧಿಕಾರವೂ ಅದಕ್ಕಿಲ್ಲ. ಸದನ ಸಮಿತಿಯಿಂದ ಹೊರಬಂದ ಮಸೂದೆ ಜಾರಿಯಾದರೆ ಖಜಾನೆಗೆ ಏನಾಗುತ್ತದೆ ಎಂದು ಅಂದಾಜಿಸಿ ಎಲ್ಲರೂ ಓದುವಂತೆ ಪ್ರಕಟಿಸುವುದಷ್ಟೇ ಅದರ ಕೆಲಸ. ಈ ಜಲವಿದ್ಯುತ್ ಮಸೂದೆಯ ಬಗ್ಗೆ ಅದು ಹೇಳಿದ್ದರ ತಾತ್ಪರ್ಯ ಇಷ್ಟು: ನಿಯಂತ್ರಣ ಆಯೋಗ ತನ್ನ ಸಂಪೂರ್ಣ ವೆಚ್ಚವನ್ನು ತಾನು ನಿಯಂತ್ರಿಸುವ ಸಂಸ್ಥೆಗಳಿಂದ ಶುಲ್ಕದ ರೂಪದಲ್ಲಿ ವಸೂಲು ಮಾಡುತ್ತದೆ, ಆದ್ದರಿಂದ ಕೆಲಸ ಹೆಚ್ಚಾದರೂ ಕಡಿಮೆಯಾದರೂ ಶುಲ್ಕವೂ ಅಷ್ಟೇ ಹೆಚ್ಚು ಕಡಿಮೆಯಾಗಿ, ಫೆಡರಲ್ ಬಜೆಟ್ಟಿನ ಮೇಲೆ ಹೇಳಿಕೊಳ್ಳುವಂಥ ನಿವ್ವಳ ಪರಿಣಾಮ ಇರುವುದಿಲ್ಲ. ಈ ಶುಲ್ಕ ವಸೂಲಿಯ ನಿಯಮವೂ ಹೊಸದೇನಲ್ಲ, 1986ರ ಬಜೆಟ್ ಸಂಬಂಧಿ ಕಾಯ್ದೆಯೊಂದರಲ್ಲಿ ಸೇರಿದ್ದು. ಜೊತೆಗೆ 1995ರ ಇನ್ನೊಂದು ಕಾಯ್ದೆಯ ಪ್ರಕಾರ, ಮಸೂದೆಯಿಂದ ರಾಜ್ಯಗಳ ಮೇಲೆ, ಸ್ಥಳೀಯ ಸಂಸ್ಥೆಗಳ ಮೇಲೆ, ಖಾಸಗಿಯವರ ಮೇಲೆ ಹೊಸ ಹೊರೆ ಬೀಳುತ್ತದೆಯೇ ಎಂಬುದನ್ನೂ ಆ ಕಚೇರಿ ಬೇರೆಯಾಗಿ ತಿಳಿಸಬೇಕು.

ಇದನ್ನು ಓದಿದ ಯಾರಾದರೂ, ನಮ್ಮ ಆರ್ಥಿಕ ಜ್ಞಾಪನ ಪತ್ರದ ಒಂದು ಸಾಲೂ ಅವರ ವರದಿಯೂ ಕೊನೆಗೆ ಒಂದೇ ಮಾತು ಹೇಳಿದವಲ್ಲ ಎನ್ನಬಹುದು. ಮೊದಲ ಓದಿಗೆ ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವರ ಸೊನ್ನೆಗೆ ಒಂದು ಕಾರಣವನ್ನು ಕೊಡಲಾಗಿದೆ. ಆ ಕಾರಣ ನಮ್ಮಲ್ಲಿ ಇದೆಯೇ ಎಂದು ಪರೀಕ್ಷಿಸಿ ನೋಡಬಹುದು. ಹಾಗೆ ನೋಡಿದಾಗ ಅದು ನಮ್ಮಲ್ಲಿ ಎರಡು ಕಡೆ ನಿಲ್ಲುವುದಿಲ್ಲ.

ಮೊದಲನೆಯದು ಪರಿಶೀಲನೆಯ ವೆಚ್ಚ. ನಾನು ಸೇವೆಯಲ್ಲಿದ್ದ ಕಾಲದಲ್ಲಿ, ಹೆಸರು ಹೇಳಬೇಕಿಲ್ಲದ ಒಂದು ಕಚೇರಿಯಲ್ಲಿ, ನದಿಗೆ ಅಡ್ಡಲಾಗಿ ಬಾಂದಾರ ಕಟ್ಟಿ ವಿದ್ಯುತ್ ತೆಗೆಯುವ ಒಂದು ಪ್ರಸ್ತಾವದ ಕಡತ ನನ್ನ ಮೇಜಿನ ಮೇಲೆ ಹಾದುಹೋಗಿತ್ತು. ಅರ್ಜಿದಾರರು ಚಲನ್ ಮೂಲಕ ತುಂಬಿದ ಶುಲ್ಕ ಒಂದು ಇಲಾಖೆಯ ಜಮೆ ಲೆಕ್ಕಕ್ಕೆ ಹೋಗಿತ್ತು. ಸ್ಥಳ ಪರಿಶೀಲನೆಗೆ ಹೋದ ಎಂಜಿನಿಯರರ ಪ್ರಯಾಣ ಭತ್ಯೆ ಇನ್ನೊಂದು ಇಲಾಖೆಯ ಖರ್ಚಿನಲ್ಲಿತ್ತು. ಮೋಜಣಿದಾರರು ಮೂರು ಸಲ ಅಳತೆಗೆ ಹೋಗಿದ್ದರು, ಹಿನ್ನೀರಿಗೆ ಸಿಗುವ ಹೊಲಗಳ ಉತಾರ ತೆಗೆದು ಪಂಚನಾಮೆ ಮಾಡಲು ಕಂದಾಯ ಸಿಬ್ಬಂದಿ ವಾರಗಟ್ಟಲೆ ಅಲೆದಿದ್ದರು, ಜೀಪಿನ ಡೀಸೆಲ್ ಬಿಲ್ಲು ಮಾತ್ರ ಕುಡಿಯುವ ನೀರಿನ ಕಾಮಗಾರಿಯ ಅನುದಾನದಲ್ಲಿ ಸೇರಿಕೊಂಡಿತ್ತು. ನಾನು ಕುತೂಹಲಕ್ಕೆಂದು ಎಲ್ಲವನ್ನೂ ಒಂದು ಹಾಳೆಯಲ್ಲಿ ಕೂಡಿಸಿ ನೋಡಿದಾಗ ಖರ್ಚು, ಶುಲ್ಕದ ಹಲವು ಪಟ್ಟಾಗಿತ್ತು. ಆ ಹಾಳೆಯನ್ನು ಕಡತದಲ್ಲಿ ಸೇರಿಸಲು ಜಾಗವಿರಲಿಲ್ಲ, ಏಕೆಂದರೆ ಅಂಥದ್ದೊಂದು ಲೆಕ್ಕವನ್ನು ಕೇಳುವ ನಮೂನೆಯೇ ಇರಲಿಲ್ಲ. ಯೋಜನೆ ಕೊನೆಗೂ ಆಗಲಿಲ್ಲ, ಖರ್ಚು ಆಯಿತು.

ಈ ಮೊತ್ತ ದೊಡ್ಡದಲ್ಲ ಎಂದು ನಾನೇ ಒಪ್ಪುತ್ತೇನೆ. ರಾಜ್ಯದ ಬಜೆಟ್ಟಿನಲ್ಲಿ ಅದು ಕಣ್ಣಿಗೆ ಬೀಳುವಂಥದ್ದಲ್ಲ. ಎರಡನೆಯದು ಹಾಗಲ್ಲ.

ಅಮೆರಿಕದ ಫೆಡರಲ್ ಸರ್ಕಾರ ಈ ಕಿರು ಯೋಜನೆಗಳ ವಿದ್ಯುತ್ತನ್ನು ತಾನೇ ಕೊಂಡು ರೈತರಿಗೆ ಉಚಿತವಾಗಿ ಹಂಚುವುದಿಲ್ಲ. ನಮ್ಮಲ್ಲಿ ಆಗುವುದು ಅದೇ. ನಮ್ಮ ಭಾಗದ ಮಿನಿ ಹೈಡಲ್ ಉತ್ಪಾದಕರು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ, ಧಾರವಾಡ, ಗದಗ, ಹಾವೇರಿ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಉತ್ತರ ಕನ್ನಡ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುವ, ಸರ್ಕಾರಿ ಸ್ವಾಮ್ಯದ ಹೆಸ್ಕಾಂ ಜೊತೆ ಖರೀದಿ ಒಪ್ಪಂದ ಮಾಡಿಕೊಳ್ಳುತ್ತಾರೆ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ವಿತರಣಾ ಕಂಪನಿಯ ವೆಚ್ಚದಲ್ಲಿ ಸಿಂಹಪಾಲು ವಿದ್ಯುತ್ ಖರೀದಿಯದ್ದೇ ಆದ್ದರಿಂದ, ಖರೀದಿ ದರ ಏರಿದರೆ ಸರಾಸರಿ ಪೂರೈಕೆ ವೆಚ್ಚ ಏರುತ್ತದೆ. ಆ ವೆಚ್ಚದ ಆಧಾರದ ಮೇಲೆ ಆಯೋಗ 10 ಅಶ್ವಶಕ್ತಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೂ ಒಂದು ದರ ನಿಗದಿ ಮಾಡುತ್ತದೆ. ರೈತ ಅದನ್ನು ಕಟ್ಟುವುದಿಲ್ಲ, ಸರ್ಕಾರ ಕಟ್ಟುತ್ತದೆ. ವಿದ್ಯುತ್ ಕಾಯ್ದೆಯ 65ನೇ ಕಲಮಿನ ಪ್ರಕಾರ, ಯಾವುದೇ ವರ್ಗದ ಗ್ರಾಹಕರಿಗೆ ರಾಜ್ಯ ಸರ್ಕಾರ ಸಹಾಯಧನ ಕೊಡಬಯಸಿದರೆ ಆ ಹಣವನ್ನು ಮುಂಗಡವಾಗಿ ಕೊಡಬೇಕು. 2023ರಿಂದ ಗೃಹಜ್ಯೋತಿಯ ಮನೆಗಳೂ ಈ ಸಾಲಿಗೆ ಸೇರಿವೆ. ಹೀಗೆ ಎಲ್ಲೋ ಒಂದು ಹಳ್ಳದ ಮೇಲೆ ಕೊಟ್ಟ ಅನುಮತಿ, ಖರೀದಿ ಒಪ್ಪಂದವಾಗಿ, ದರ ಆದೇಶವಾಗಿ, ಸಹಾಯಧನದ ಬೇಡಿಕೆಯಾಗಿ, ಕೊನೆಗೆ 2801 ಎಂಬ ಇಂಧನ ವೆಚ್ಚದ ಪ್ರಧಾನ ಲೆಕ್ಕಶೀರ್ಷಿಕೆಗೆ ಬಂದು ಸೇರುತ್ತದೆ. ಅಷ್ಟು ಹೊತ್ತಿಗೆ ಅದರ ಮೂಲ ಯಾರಿಗೂ ನೆನಪಿರುವುದಿಲ್ಲ.

ಸಣ್ಣದೊಂದು ಗುಣಾಕಾರ ಮಾಡೋಣ. 5 ಮೆಗಾವ್ಯಾಟ್ ಘಟಕವೊಂದು ವರ್ಷಪೂರ್ತಿ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ಆಗಬಹುದಾದ ಉತ್ಪಾದನೆಯ ಶೇ 30ರಷ್ಟನ್ನು ಕೊಡುತ್ತದೆ ಎಂದಿಟ್ಟುಕೊಂಡರೆ, ವರ್ಷಕ್ಕೆ 1 ಕೋಟಿ 31 ಲಕ್ಷ 40 ಸಾವಿರ ಯೂನಿಟ್. ಹೆಸ್ಕಾಂ ಅದೇ ಹೊತ್ತಿನಲ್ಲಿ ಬೇರೆಡೆಯಿಂದ ಕೊಳ್ಳಬಹುದಾಗಿದ್ದ ವಿದ್ಯುತ್ತಿಗಿಂತ ಇದರ ದರ ಯೂನಿಟ್ಟಿಗೆ ಒಂದೇ ರೂಪಾಯಿ ಹೆಚ್ಚಿದ್ದರೂ ವರ್ಷಕ್ಕೆ 1.31 ಕೋಟಿ ರೂಪಾಯಿ, ಒಪ್ಪಂದ 20 ವರ್ಷದ್ದಾದರೆ 26.28 ಕೋಟಿ ರೂಪಾಯಿ ಹೊರೆ. ಒಂದು ರೂಪಾಯಿ ಕಡಿಮೆಯಿದ್ದರೆ ಅಷ್ಟೇ ಉಳಿತಾಯ. ಯಾವ ಕಡೆಗೆ ವಾಲುತ್ತದೆ ಎಂಬುದು ದರದಷ್ಟೇ ಋತುವಿನ ಮೇಲೂ ನಿಂತಿದೆ, ಮತ್ತು ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ವರದಾ, ಕುಮುದ್ವತಿ, ತುಂಗಭದ್ರಾ ತುಂಬಿ ಹರಿಯುವುದು ಮುಂಗಾರಿನಲ್ಲಿ. ಆಗ ಹೊಲದ ಪಂಪ್‌ಸೆಟ್‌ಗಳು ಬಂದಾಗಿರುತ್ತವೆ, ಗದಗಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿರುತ್ತವೆ, ದೊಡ್ಡ ಜಲಾಶಯಗಳಲ್ಲೂ ನೀರಿರುತ್ತದೆ. ವಿದ್ಯುತ್ ಬೇಕಿಲ್ಲದ ಹೊತ್ತಿನಲ್ಲೇ ಮಿನಿ ಹೈಡಲ್ ತನ್ನ ಪೂರ್ತಿ ಶಕ್ತಿಯಿಂದ ಓಡುತ್ತದೆ, ಮತ್ತು ನೀರು ಹೆಚ್ಚಾಗಿ ಹೊರಚೆಲ್ಲುವಾಗ ಜಲವಿದ್ಯುತ್ ಘಟಕಗಳನ್ನು ನಿಲ್ಲಿಸದೆ ಓಡಿಸಬೇಕೆಂಬ ಕೇಂದ್ರದ 2021ರ ನಿಯಮದಿಂದಾಗಿ ಅದನ್ನು ಕೊಳ್ಳಲೇಬೇಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೇಡಿಕೆ ಏರಿದಾಗ ನದಿಯಲ್ಲಿ ಬಂಡೆಗಳು ಎದ್ದಿರುತ್ತವೆ. ಹೀಗಾಗಿ ವರ್ಷದ ಒಟ್ಟು ಯೂನಿಟ್ಟುಗಳನ್ನು ಸರಾಸರಿ ದರದಿಂದ ಗುಣಿಸಿ ಲಾಭ ಎಂದು ತೋರಿಸುವ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ತಿಂಗಳವಾರು ಬರೆದ ಲೆಕ್ಕ ಬೇಕು.

ಹೆಸ್ಕಾಂಗೆ ಮಾರದೆ ನೇರವಾಗಿ ಕಾರ್ಖಾನೆಗೆ ಮಾರಿದರೆ ಸರ್ಕಾರಕ್ಕೆ ತೊಂದರೆಯಿಲ್ಲ ಎಂಬ ವಾದವೂ ಇದೆ. ಮುಕ್ತ ಪ್ರವೇಶಕ್ಕೆ, ಅಂದರೆ ವಿತರಣಾ ಕಂಪನಿಯ ತಂತಿಗಳ ಮೂಲಕವೇ ಬೇರೆಯವರಿಂದ ವಿದ್ಯುತ್ ಕೊಳ್ಳುವುದಕ್ಕೆ, ಇದ್ದ 1 ಮೆಗಾವ್ಯಾಟ್ ಮಿತಿಯನ್ನು ಕೇಂದ್ರದ 2022ರ ಹಸಿರು ಇಂಧನ ನಿಯಮಗಳು 100 ಕಿಲೋವ್ಯಾಟ್‌ಗೆ ಇಳಿಸಿವೆಯಾದ್ದರಿಂದ ಇದು ಮಧ್ಯಮ ಗಾತ್ರದ ಕಾರ್ಖಾನೆಗಳಿಗೂ ಈಗ ಸಾಧ್ಯ. ಆದರೆ ತಾರಿಹಾಳದಂಥ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ ಹೆಸ್ಕಾಂನ ವಿದ್ಯುತ್ತನ್ನು ಬಿಟ್ಟು ಹೊರಗಿನಿಂದ ಕೊಂಡರೆ, ಹೆಚ್ಚು ದರ ಕೊಟ್ಟು ಸಣ್ಣ ಗ್ರಾಹಕರ ಹೊರೆಯನ್ನು ಹೊರುತ್ತಿದ್ದ ಒಬ್ಬ ಗ್ರಾಹಕ ಕಡಿಮೆಯಾದಂತೆ. ಹೀಗೆ ಹೊರಗಿನಿಂದ ಕೊಳ್ಳುವವರಿಂದ ವಸೂಲು ಮಾಡುವ ಅಡ್ಡ ಸಹಾಯಧನದ ಮೇಲ್ತೆರಿಗೆ ಆ ಕೊರತೆಯನ್ನು ಎಷ್ಟರ ಮಟ್ಟಿಗೆ ತುಂಬುತ್ತದೆ, ಉಳಿದದ್ದನ್ನು ಯಾರು ತುಂಬುತ್ತಾರೆ ಎಂಬುದೂ ಮಸೂದೆಯೊಡನೆ ಬರಬೇಕಾದ ಲೆಕ್ಕವೇ.

ಉತ್ಪಾದಕರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನನ್ನ ಪತ್ರ ನ್ಯಾಯವಾಗುವುದಿಲ್ಲ. ಕಡತವೊಂದು ಐದಾರು ಇಲಾಖೆಗಳಲ್ಲಿ ವರ್ಷಗಟ್ಟಲೆ ಅಲೆದರೆ ಸಾಲದ ಬಡ್ಡಿ ಬೆಳೆಯುತ್ತದೆ, ಸಿಮೆಂಟು ಕಬ್ಬಿಣದ ಬೆಲೆ ಏರುತ್ತದೆ, ಯೋಜನಾ ವೆಚ್ಚ ಹೆಚ್ಚುತ್ತದೆ, ಅದು ಮುಂದಿನ ದರ ನಿಗದಿಯ ವಿಚಾರಣೆಯಲ್ಲಿ ಆಯೋಗದ ಮುಂದೆ ಬರುತ್ತದೆ. ಅಂದರೆ ವಿಳಂಬಕ್ಕೂ ಬೆಲೆಯಿದೆ, ಅದನ್ನೂ ಕೊನೆಗೆ ಅದೇ ಖಜಾನೆ ಕೊಡುತ್ತದೆ. ಆದ್ದರಿಂದ ಸರಳೀಕರಣವನ್ನು ವಿರೋಧಿಸುವುದು ನನ್ನ ಉದ್ದೇಶವಲ್ಲ. ಎಲ್ಲಿ ಸರಳಗೊಳಿಸಿದರೆ ಯಾರಿಗೂ ಹೊರೆಯಾಗದೆಂಬುದಕ್ಕೆ ನಮ್ಮ ಕಣ್ಣೆದುರೇ ಉದಾಹರಣೆಯಿದೆ. ಮಲಪ್ರಭೆಯ ಕಾಲುವೆಗಳು ನವಲಗುಂದ, ನರಗುಂದ, ರೋಣದ ಎರೆಭೂಮಿಗೆ ಹರಿದು ಬರುವಾಗ, ತುಂಗಾ ಮೇಲ್ದಂಡೆ ಕಾಲುವೆ ಹಾವೇರಿ ಜಿಲ್ಲೆಯೊಳಗೆ ಹಾಯುವಾಗ, ಮಟ್ಟ ಕಾಯ್ದುಕೊಳ್ಳಲು ಅಲ್ಲಲ್ಲಿ ನೀರನ್ನು ಕೆಳಕ್ಕೆ ಬೀಳಿಸಬೇಕಾಗುತ್ತದೆ. ಎಂಜಿನಿಯರರು ಇದನ್ನು ಡ್ರಾಪ್ ಎನ್ನುತ್ತಾರೆ. ಸೆಕೆಂಡಿಗೆ 5 ಘನ ಮೀಟರ್, ಅಂದರೆ ಸುಮಾರು 177 ಕ್ಯೂಸೆಕ್ ನೀರು 3 ಮೀಟರ್ ಕೆಳಗೆ ಬೀಳುವಲ್ಲಿ, ಯಂತ್ರದ ದಕ್ಷತೆ ಶೇ 80 ಎಂದುಕೊಂಡರೆ, ಸುಮಾರು 118 ಕಿಲೋವ್ಯಾಟ್ ಸಿಗುತ್ತದೆ. ಕಾಲುವೆಯಲ್ಲಿ 150 ದಿನ ನೀರು ಹರಿದರೆ 4 ಲಕ್ಷ ಯೂನಿಟ್‌ಗೂ ಹೆಚ್ಚು. ಇದಕ್ಕೆ ಹೊಸ ಅಣೆಕಟ್ಟೆ ಬೇಡ, ಯಾರ ಹೊಲವೂ ಮುಳುಗುವುದಿಲ್ಲ, ಹರಿಯುವ ನೀರಿನ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಲುವೆಗೆ ನೀರು ಬಿಡುವ ಕಾಲವೂ ಜಲಾಶಯದಿಂದ ನಿರ್ಧಾರವಾಗುವುದರಿಂದ ಹಿಂಗಾರಿನಲ್ಲೂ ವಿದ್ಯುತ್ ಸಿಗಬಹುದು. ಅಮೆರಿಕದ ಕಾಯ್ದೆ ಕಾಲುವೆಯ ಘಟಕಗಳನ್ನು ನದಿಯ ಘಟಕಗಳಿಂದ ಬೇರ್ಪಡಿಸಿ ಅವುಗಳಿಗಷ್ಟೇ ಸೂಚನಾ ಪತ್ರದ ವ್ಯವಸ್ಥೆ ಮಾಡಿದ್ದು ವಿವೇಕದ ಕೆಲಸ. ನಮ್ಮಲ್ಲಿ 25 ಮೆಗಾವ್ಯಾಟ್ ಎಂಬ ಒಂದೇ ಗೆರೆಯ ಕೆಳಗೆ ನದಿಯೂ ಕಾಲುವೆಯೂ ಒಂದೇ ಆಗಿಬಿಟ್ಟಿವೆ. ಸಾಮರ್ಥ್ಯದ ಅಂಕಿಗಿಂತ, ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಂಡ ವಿನಾಯಿತಿಯೇ ಖಜಾನೆಗೆ ಕಡಿಮೆ ಅಪಾಯದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ನದಿಯ ವಿಷಯ ಬೇರೆ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ಹಾವೇರಿ ನಗರಕ್ಕೆ ಕಂಚಾರಗಟ್ಟಿಯ ಬಳಿ ತುಂಗಭದ್ರೆಯಿಂದ ನೀರು ಎತ್ತುತ್ತಾರೆ, ಗದಗ-ಬೆಟಗೇರಿಗೆ ಹಮ್ಮಿಗಿಯ ಬ್ಯಾರೇಜಿನಿಂದ ನೀರು ಹೋಗುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡಿಸಿಕೊಂಡು, ಅದು ದಾರಿಯಲ್ಲಿ ಇಂಗಿ, ಕೆಲವೆಡೆ ಪಂಪ್‌ಸೆಟ್‌ಗಳ ಪಾಲಾಗಿ, ಉಳಿದದ್ದು ನದಿದಂಡೆಯ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ಮುಟ್ಟುವವರೆಗೆ ಊರಿಗೆ ಊರೇ ಕಾಯುತ್ತದೆ. ಇಂಥ ನದಿಯಲ್ಲಿ ಮೇಲ್ಭಾಗದಲ್ಲಿ ಹೊಸ ತಡೆ ಬಂದರೆ, ಕೆಳಗಿನ ಜಾಕ್‌ವೆಲ್ ಆಳಗೊಳಿಸಲು, ಟ್ಯಾಂಕರ್ ಓಡಿಸಲು ಆಗುವ ಖರ್ಚು ನೀರು ಪೂರೈಕೆಯ 2215ನೇ ಲೆಕ್ಕಶೀರ್ಷಿಕೆಯಲ್ಲೋ ನಗರಸಭೆಯ ಸ್ವಂತ ನಿಧಿಯಲ್ಲೋ ಬೀಳುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ, ಮಲಪ್ರಭೆಗಳು ಉಕ್ಕಿದ್ದನ್ನು ಹಾವೇರಿ, ಗದಗ, ಧಾರವಾಡ ಜಿಲ್ಲೆಗಳವರು ಮರೆತಿಲ್ಲ. ಆ ಪ್ರವಾಹಕ್ಕೆ ಮಿನಿ ಹೈಡಲ್‌ಗಳು ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಬಾಂದಾರದ ಎತ್ತರ ಒಂದು ಮೀಟರ್ ಹೆಚ್ಚಾದರೆ ಸಮತಟ್ಟಾದ ನಮ್ಮ ನಾಡಿನಲ್ಲಿ ಹಿನ್ನೀರು ಎಷ್ಟು ದೂರ ಚಾಚುತ್ತದೆ ಎಂದು ಮೊದಲೇ ಅಳೆಯುವ ಹಂತವನ್ನು ಪರವಾನಗಿಯಿಂದ ತೆಗೆದುಹಾಕಿದರೆ, ಆ ಅಳತೆಯ ಖರ್ಚು ಉಳಿಯುತ್ತದೆ. ಬೆಳೆಹಾನಿಯ ಪರಿಹಾರ ಮಾತ್ರ 2245ರಲ್ಲಿ, ಅಂದರೆ ನೈಸರ್ಗಿಕ ವಿಕೋಪದ ಲೆಕ್ಕದಲ್ಲಿ, ಮಳೆರಾಯನ ಹೆಸರಿನಲ್ಲಿ ಹೊರಬೀಳುತ್ತದೆ.

ಆದಾಯದ ಕಡೆಯೂ ಎಚ್ಚರ ಬೇಕು. ಹಿಮಾಚಲ ಪ್ರದೇಶ 2023ರಲ್ಲಿ ಜಲವಿದ್ಯುತ್ ಉತ್ಪಾದನೆಗೆ ಬಳಸುವ ನೀರಿನ ಮೇಲೆ ಕರ ಹಾಕುವ ಕಾಯ್ದೆ ಮಾಡಿ, ವಸೂಲಿಗೆಂದು ಆಯೋಗವನ್ನೂ ರಚಿಸಿತು. ನೀರಿನ ಬಳಕೆಯ ಮೇಲಿನ ಕರವೆಂದು ಹೆಸರಿಟ್ಟರೂ ಅದು ವಾಸ್ತವದಲ್ಲಿ ವಿದ್ಯುತ್ ಉತ್ಪಾದನೆಯ ಮೇಲಿನ ತೆರಿಗೆ, ಅದಕ್ಕೆ ರಾಜ್ಯಗಳಿಗೆ ಅಧಿಕಾರವಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ ಅದೇ ವರ್ಷ ರಾಜ್ಯಗಳಿಗೆ ಪತ್ರ ಬರೆಯಿತು. 2024ರ ಮಾರ್ಚ್‌ನಲ್ಲಿ ಅಲ್ಲಿನ ಹೈಕೋರ್ಟ್ ಕಾಯ್ದೆಯನ್ನು ರದ್ದುಪಡಿಸಿತು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 53ನೇ ನಮೂದು ರಾಜ್ಯಕ್ಕೆ ಕೊಟ್ಟಿರುವುದು ವಿದ್ಯುತ್ತಿನ ಬಳಕೆ ಅಥವಾ ಮಾರಾಟದ ಮೇಲಿನ ತೆರಿಗೆಯನ್ನು ಮಾತ್ರ. ಹೀಗಿರುವಾಗ ನಮ್ಮ ರಾಜ್ಯ ಮಿನಿ ಹೈಡಲ್‌ನಿಂದ ರಾಜಧನವನ್ನೋ ಶುಲ್ಕವನ್ನೋ ನಂಬಿ ಅಂದಾಜು ಮಾಡುವುದಾದರೆ, ಅದು ಕೊಟ್ಟ ಸೇವೆಗೆ ಪಡೆಯುವ ಶುಲ್ಕವೇ, ಸರ್ಕಾರಿ ಜಮೀನಿನ ಬಾಡಿಗೆಯೇ ಅಥವಾ ತೆರಿಗೆಯೇ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಇಲ್ಲದಿದ್ದರೆ ಬಜೆಟ್ ಪುಸ್ತಕದಲ್ಲಿ ಜಮೆ ತೋರಿಸಿದ ಹಣವನ್ನು ನ್ಯಾಯಾಲಯದ ಆದೇಶದ ಮೇಲೆ ಮರಳಿಸಬೇಕಾಗಿ ಬರುತ್ತದೆ.

ಗ್ರಾಮ ಪಂಚಾಯಿತಿಗೆ ಏನು ಸಿಗುತ್ತದೆ ಎಂಬುದನ್ನಂತೂ ಯಾರೂ ಬರೆಯುವುದಿಲ್ಲ. ದೊಡ್ಡ ಜಲವಿದ್ಯುತ್ ಯೋಜನೆಗಳಲ್ಲಿ ರಾಜ್ಯಕ್ಕೆ ಶೇ 12ರಷ್ಟು ಉಚಿತ ವಿದ್ಯುತ್, 2008ರ ಕೇಂದ್ರ ನೀತಿಯಂತೆ ಸ್ಥಳೀಯ ಪ್ರದೇಶಾಭಿವೃದ್ಧಿಗೆ ಮತ್ತೆ ಶೇ 1ರಷ್ಟು ಎಂಬ ಏರ್ಪಾಟಿದೆ. ಮಿನಿ ಹೈಡಲ್ ಬಂದ ಊರಿನವರಿಗೆ ಉಳಿಯುವುದು ಭಾರಿ ಲಾರಿಗಳು ಓಡಾಡಿ ಹಾಳಾದ ರಸ್ತೆ, ಅದನ್ನು ರಿಪೇರಿ ಮಾಡಿಸಬೇಕಾದ ಪಂಚಾಯಿತಿ.

ನಮ್ಮ ಭಾಗದಲ್ಲಿ ನೀರು ಮತ್ತು ಸರ್ಕಾರಿ ಲೆಕ್ಕ ಎಂಬ ಎರಡು ಮಾತು ಒಟ್ಟಿಗೆ ಬಂದರೆ ಹಿರಿಯರಿಗೆ ನೆನಪಾಗುವುದು 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ನೀರಿನ ಕರದ ಜೊತೆಗೆ ಅಭಿವೃದ್ಧಿ ಕರವನ್ನೂ ಹೊರಿಸಿದಾಗ, ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರವೇ ಎಂದು ಕೇಳಿದ ರೈತರ ಮೇಲೆ ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಯಿತು. ಆಗ ನಾನು ಓದುತ್ತಿದ್ದ ಹುಡುಗ. ಮನೆಯಲ್ಲಿ ದೊಡ್ಡವರು ದಿನವಿಡೀ ರೇಡಿಯೊ ಮುಂದೆ ಕೂತು ಮಾತಾಡದೆ ಇದ್ದದ್ದು ನೆನಪಿದೆ. ಮುಂದೆ ಲೆಕ್ಕದ ಕೆಲಸಕ್ಕೆ ಸೇರಿದ ಮೇಲೆ ನನಗೆ ಅರ್ಥವಾದದ್ದು, ಯೋಜನೆಯ ವೆಚ್ಚವನ್ನು ಯಾರಿಂದ, ಯಾವಾಗ, ಯಾವ ಆಧಾರದ ಮೇಲೆ ವಸೂಲು ಮಾಡಬೇಕೆಂಬುದನ್ನು ಯೋಜನೆ ಮಂಜೂರಾಗುವಾಗಲೇ ಆ ರೈತರ ಎದುರು ಬಿಚ್ಚಿಟ್ಟು ಹೇಳಿದ್ದರೆ, ಅವರು ಅಂದೇ ತಮ್ಮ ಮಾತು ಹೇಳುತ್ತಿದ್ದರು ಎಂಬುದು. ಅವರಿಗೆ ಲೆಕ್ಕ ಸಿಕ್ಕಿದ್ದು ನೋಟಿಸಿನ ರೂಪದಲ್ಲಿ.

ಆದ್ದರಿಂದ ನನ್ನ ಮನವಿ ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಶಾಸಕರಿಗೆ. ಮುಂದೆ ಮಿನಿ ಹೈಡಲ್ ಅನುಮತಿಗೆ ಸಂಬಂಧಿಸಿದ ಯಾವುದೇ ಮಸೂದೆ, ತಿದ್ದುಪಡಿ ಅಥವಾ ನೀತಿ ಸದನದ ಮುಂದೆ ಬಂದಾಗ, ಆರ್ಥಿಕ ಜ್ಞಾಪನ ಪತ್ರದ ಆ ಒಂದು ಸಾಲಿಗೆ ದಯವಿಟ್ಟು ಸಮಾಧಾನ ಪಡಬೇಡಿ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಡಿ ನಾಲ್ಕು ವರ್ಷಗಳ ಮಧ್ಯಮಾವಧಿ ಯೋಜನೆಯನ್ನು ಸದನದ ಮುಂದಿಡುವ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ. ಅಂಥದ್ದೇ ಶಿಸ್ತಿನಿಂದ ಒಂದೊಂದು ಮಸೂದೆಗೂ ಒಂದು ಪುಟದ ಅಂದಾಜು ಸಿದ್ಧಪಡಿಸಲು ಹೊಸ ಕಚೇರಿಯೇನೂ ಬೇಕಿಲ್ಲ. ಆರ್ಥಿಕ ಇಲಾಖೆಯಲ್ಲಿ, ಹೆಸ್ಕಾಂನಲ್ಲಿ, ನಿಯಂತ್ರಣ ಆಯೋಗದಲ್ಲಿ ಬೇಕಾದ ಅಂಕಿಗಳೆಲ್ಲ ಇವೆ, ಕೂಡಿಸಬೇಕು ಅಷ್ಟೆ. ಆ ಪುಟದಲ್ಲಿ ಪರಿಶೀಲನೆಯ ನಿಜವಾದ ವೆಚ್ಚ ಮತ್ತು ಅದಕ್ಕೆ ಹೊಂದುವ ಶುಲ್ಕ ಇರಲಿ. ಖರೀದಿ ದರದಿಂದ ಸಹಾಯಧನದ ಮೇಲಾಗುವ ಪರಿಣಾಮ ತಿಂಗಳವಾರು ಇರಲಿ. ನಗರಸಭೆ ಮತ್ತು ಪಂಚಾಯಿತಿಗಳ ಮೇಲೆ ಬೀಳುವ ಹೊರೆ ಬೇರೆಯಾಗಿ ಇರಲಿ. ಅಂದಾಜು ತಪ್ಪಾಗಬಹುದು. ತಪ್ಪಾದ ಅಂದಾಜನ್ನು ಐದು ವರ್ಷದ ನಂತರ ನಿಜವಾದ ಖರ್ಚಿನೊಡನೆ ಇಟ್ಟು ನೋಡಬಹುದು, ಬರೆಯದೇ ಇದ್ದದ್ದನ್ನು ಹಾಗೆ ನೋಡಲಾಗುವುದಿಲ್ಲ.

ಆ ಪುಟ ಸಿದ್ಧವಾದರೆ ನಾನು ಅದರಲ್ಲಿ ಮೊದಲು ಹುಡುಕುವುದು ಒಂದು ಸಣ್ಣ ಮೊತ್ತವನ್ನು. ಬಾಂದಾರದ ಕೆಳಗೆ ನದಿಗೆ ಬಿಡಲೇಬೇಕಾದ ನೀರು ನಿಜವಾಗಿ ಹರಿಯುತ್ತಿದೆಯೇ ಎಂದು ಏಪ್ರಿಲ್ ತಿಂಗಳ ಬಿಸಿಲಲ್ಲಿ ಪ್ರತಿದಿನ ಅಳತೆಪಟ್ಟಿ ನೋಡಿ ಬರೆದುಕೊಳ್ಳುವ ಒಬ್ಬ ನೌಕರನ ಸಂಬಳ ಅದು. ಯಾವ ಇಲಾಖೆ, ಯಾವ ಲೆಕ್ಕಶೀರ್ಷಿಕೆ, ತಿಂಗಳಿಗೆ ಎಷ್ಟು ರೂಪಾಯಿ ಎಂಬುದು ಅಲ್ಲಿ ಬರೆದಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಲೆಕ್ಕಪತ್ರ ನೌಕರ,
ಹಾವೇರಿ